ಕುದುರೆಮರಿಯ ಮೊದಲ ದಿನ

ಕನ್ನಡ ಅಧ್ಯಾಪಕನಿಗೂ ಅಶ್ವವೈದ್ಯಕ್ಕೂ ಏನು ಸಂಬಂಧವೆಂದು ಕೇಳುಗರು ಶಂಕಿಸಬಹುದು. ಸಂಬಂಧ ಹಳೆಯದೇ. ಕ್ರಿ.ಶ. 1400ರ ಸುಮಾರಿನ ಅಭಿನವಚಂದ್ರನು ಕನ್ನಡದಲ್ಲಿ ಅಶ್ವವೈದ್ಯವನ್ನು ಕುರಿತು ಗ್ರಂಥವನ್ನೇ ರಚಿಸಿದ್ದಾನೆ. ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದಲೂ ಹೆಸರಾದದ್ದು. ಆದುದರಿಂದ ಕುದುರೆ ಈಯುವ ಸಂಗತಿಯನ್ನು ಹೇಳಲು ನನಗೆ ಸಂಕೋಚವಿಲ್ಲ.

ಕುದುರೆಯ ಗರ್ಭ ಸುಮಾರು 340 ದಿನಗಳದು. ಹತ್ತಿಪ್ಪತ್ತು ದಿನ ಹೆಚ್ಚುಕಡಮೆಯಾಗುವುದು ಸಹಜ. ದಿನ ಸಮೀಪಿಸಿದಂತೆ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಈಯುವುದು ಬಹುಮಟ್ಟಿಗೆ ರಾತ್ರಿ, ಜನಸಂಚಾರ ಅಡಗಿದ ಮೇಲೆ. ನೀರೊಡೆದ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ಮುಂಗಾಲೆರಡು ಮೊದಲು, ಅವುಗಳ ಮೇಲೆ ಮೂಗು. ಬಿಳಿಯ ಪೊರೆಗೆ ಬದಲಾಗಿ ಕೆಂಪು ಮಖಮಲ್ಲಿನಂಥ ಚೀಲ ಕಾಣಿಸಿದರೆ ಮಾಸು ಮುಂಚೆಯೇ ಬಿಟ್ಟುಕೊಂಡಿತೆಂದು ಅರ್ಥ. ಮರಿಗೆ ಪ್ರಾಣವಾಯು ತಪ್ಪುತ್ತದೆ. ಆಗ ವೈದ್ಯರ ದಾರಿ ಕಾಯುತ್ತ ಕೂಡದೆ ಚೀಲವನ್ನು ಸೀಳಿ ಮರಿಯನ್ನು ಹೊರತೆಗೆಯಬೇಕು.

ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಮೊಲೆಯುಣ್ಣಬೇಕು, ಮೂರು ಗಂಟೆಯಲ್ಲಿ ಮಾಸು ಬೀಳಬೇಕು. ಇದು ಕುದುರೆ ಸಾಕುವವರ ಬಾಯಿಲೆಕ್ಕ. ಈ ಮೂರರಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಎರಡನೆಯದನ್ನು. ಮನುಷ್ಯಶಿಶುವಿಗೆ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿಯೇ ಸಲ್ಲುತ್ತದೆ. ಕುದುರೆಯ ಮಾಸು ಅದನ್ನು ದಾಟಗೊಡುವುದಿಲ್ಲ. ಮರಿಗೆ ಅದು ಬರುವುದು ಗಿಣ್ಣುಹಾಲಿನಿಂದ ಮಾತ್ರ. ಅದನ್ನು ರಕ್ತಕ್ಕೆ ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. (ಹಸುವಿನ ಕರುವಿಗೂ ಇದೇ ನಿಯಮ. ಗಿಣ್ಣನ್ನು ನೆರೆಮನೆಗೆ ಹಂಚುವ ಉದಾರಿಗಳು ಮೊದಲು ಕರುವಿನ ಪಾಲನ್ನು ನೆನೆಯಲಿ!) ಗಿಣ್ಣು ತಪ್ಪಿದ ಮರಿಯ ರಕ್ತಕ್ಕೆ ರೋಗಾಣುಗಳು ಹೊಕ್ಕುಳಿನಿಂದಲೋ ಕರುಳಿನಿಂದಲೋ ನುಗ್ಗಿ ಕೀಲುಗಳಲ್ಲಿ ನೆಲೆಸುತ್ತವೆ. ಎಳೆಯ ಮರಿ ಕುಂಟಿದರೆ ತಾಯಿ ತುಳಿದಿರಬೇಕೆಂದು ಸುಮ್ಮನಾಗುವುದು ಅಪಾಯ. ಹೊಕ್ಕುಳಿಗೆ ಔಷಧದ್ರವ ಹಚ್ಚುವುದು, ಮೊದಲ ಕಪ್ಪು ಮಲ ಹೋಯಿತೇ ಎಂದು ನೋಡುವುದು, ಇವು ಎಲ್ಲರೂ ಬಲ್ಲ ಎಚ್ಚರಿಕೆಗಳು.

ಆದರೆ ಅದೇ ಅಮೃತ ಒಮ್ಮೊಮ್ಮೆ ವಿಷವೂ ಆಗುವುದುಂಟು. ತಂದೆಯಿಂದ ಮರಿಗೆ ಬಂದ ರಕ್ತಗುಣ ತಾಯಿಗೆ ಹೊರಗಿನದಾಗಿದ್ದು, ಹಿಂದಿನ ಬಸಿರುಗಳಲ್ಲಿ ತಾಯಿಯ ದೇಹ ಅದರ ಪರಿಚಯ ಪಡೆದಿದ್ದರೆ, ಅದನ್ನು ಎದುರಿಸುವ ವಸ್ತು ಗಿಣ್ಣಿನಲ್ಲಿ ತುಂಬಿಕೊಳ್ಳುತ್ತದೆ. ಮರಿ ಆರೋಗ್ಯವಾಗಿಯೇ ಹುಟ್ಟಿ, ಹಾಲುಂಡು, ಒಂದೆರಡು ದಿನಗಳಲ್ಲಿ ಸೊರಗುತ್ತದೆ; ಒಸಡು ಹಳದಿಯಾಗುತ್ತದೆ. ಹೇಸರಗತ್ತೆಯ ಮರಿಗಳಲ್ಲಿ ಇದು ಹೆಚ್ಚು. ಏಕೆಂದರೆ ಕತ್ತೆಯ ರಕ್ತಕಣದಲ್ಲಿರುವ ಒಂದು ಅಂಶ ಕುದುರೆಯಲ್ಲಿ ಇಲ್ಲ. ಮುಂಚಿತವಾಗಿ ರಕ್ತಪರೀಕ್ಷೆಯಿಂದ ತಿಳಿದರೆ ಮರಿಯ ಬಾಯಿಗೆ ಕುಕ್ಕೆ ಕಟ್ಟಿ, ಬೇರೆ ಕುದುರೆಯ ಗಿಣ್ಣನ್ನು ಕುಡಿಸಿ, ತಾಯಿಯ ಹಾಲನ್ನು ಕರೆದು ಚೆಲ್ಲುತ್ತಾರೆ. ಒಂದೆರಡು ದಿನ ಕಳೆದು ಕುಕ್ಕೆ ಬಿಚ್ಚಿದಾಗ ಮರಿ ತಾಯಿಯ ಕೆಚ್ಚಲಿಗೇ ಹೋಗುತ್ತದೆ; ಕರುಳಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುವುದರಿಂದ ಹಾಲು ಇನ್ನು ಬರಿಯ ಆಹಾರ.