ಪದ್ಮನಾಭನಿಗೆ ಜಯ, ಜಿನಾಲಯಕ್ಕೆ ಊರು

ತ್ಯಾಮಗೊಂಡ್ಲು ಹಳೆಯ ಮೈಸೂರು ಸೀಮೆಯಲ್ಲಿ ವ್ಯಾಪಾರದ ಪೇಟೆಯೆಂದು ಹೆಸರಾದ ಊರು. ಅದರ ಆಸುಪಾಸಿನ ಮಣ್ಣೆಗೆ ಆ ಹೆಸರೂ ಉಳಿಯಲಿಲ್ಲ. ನೆಲಮಂಗಲ ತಾಲ್ಲೂಕಿನ ಈ ಹಳ್ಳಿ ಎಂಟನೆಯ ಶತಮಾನದಲ್ಲಿ ಮಾನ್ಯಪುರ. ಗಂಗ ಅರಸು ಶ್ರೀಪುರುಷ ಬೀಡುಬಿಟ್ಟಿದ್ದ ರಾಜಧಾನಿ. ಈಗ ಅಲ್ಲಿ ಕಾಣುವುದು ಕಪಿಲೇಶ್ವರ ಗುಡಿಯಂಥ ಕೆಲವು ಶಿಥಿಲ ಕಟ್ಟಡಗಳು ಮಾತ್ರ. ಆದರೆ ಊರಿನ ಹೆಸರು ವಿದ್ವಾಂಸರ ಪುಸ್ತಕಗಳಲ್ಲಿ ಬದುಕಿದೆ. ಅದಕ್ಕೆ ಕಾರಣ ಇಲ್ಲಿ ಸಿಕ್ಕ ಎರಡು ತಾಮ್ರಶಾಸನಗಳು. ಒಂದು ಕ್ರಿ.ಶ. 797ರದು, ಇನ್ನೊಂದು 802ರದು. ಎರಡನ್ನೂ ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ, ಬೆಂಗಳೂರು ಜಿಲ್ಲೆಯ ಶಾಸನಗಳ ಜೊತೆಗೆ, ಅಚ್ಚು ಹಾಕಿಸಿದರು. ಎರಡೂ ದಾನ ಕೊಡುವುದು ಒಂದೇ ಬಸದಿಗೆ: ಮಾನ್ಯಪುರದಲ್ಲಿ ಶ್ರೀವಿಜಯ ಎಂಬ ಸೇನಾನಿ ಕಟ್ಟಿಸಿದ ಜಿನಾಲಯಕ್ಕೆ. ‘ಗಂಗರು ಜೈನ ಅರಸರು’ ಎಂದು ನಮ್ಮ ಶಾಲಾಪುಸ್ತಕಗಳು ಒಂದೇ ಉಸಿರಿಗೆ ಹೇಳುವ ಮಾತಿಗೆ ಇಂಥ ಶಾಸನಗಳೇ ಆಧಾರ. ಆ ಮಾತು ಹುಟ್ಟಿದ್ದು ಹೇಗೆ, ಬೆಳೆದದ್ದು ಹೇಗೆ ಎಂದು ನೋಡಿದರೆ ನಂಬಿಕೆಯ ಬಗ್ಗೆ, ಮನುಷ್ಯರು ಯಾಕೆ ಕೊಡುತ್ತಾರೆ ಎಂಬುದರ ಬಗ್ಗೆ ನಾವಿಟ್ಟುಕೊಂಡಿರುವ ಲೆಕ್ಕಾಚಾರವೇ ಸ್ವಲ್ಪ ಅಲುಗಾಡುತ್ತದೆ.

ಮೊದಲು ಇವಕ್ಕಿಂತ ಕೊಂಚ ಹಿಂದಿನ ಶಾಸನವೊಂದನ್ನು ಓದೋಣ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಈ ತಾಮ್ರಪಟ ಶಕ 698ರದು, ಅಂದರೆ 776ರದು. ಶ್ರೀಪುರುಷನ ಆಳ್ವಿಕೆಯ ಐವತ್ತನೆಯ ವರ್ಷದ್ದು. ಅವನು ಆಗ ಇದ್ದುದು ಮಾನ್ಯಪುರದಲ್ಲೇ. ಶ್ರೀಪುರ ಎಂಬ ಊರಿನ ಬಡಗಣ ದಿಕ್ಕಿನಲ್ಲಿ ಕುಂದಾಚ್ಚಿ ಎಂಬ ಹೆಂಗಸು ‘ಲೋಕತಿಲಕ’ ಹೆಸರಿನ ಜಿನಭವನ ಕಟ್ಟಿಸಿದ್ದಳು. ಅವಳ ಗಂಡ, ನಿರ್ಗುಂದದ ಸಾಮಂತ ಪರಮಗೂಳ, ಬಿನ್ನಹ ಮಾಡಿದ. ಅರಸ ಅದಕ್ಕೆ ಪೊನ್ನಳ್ಳಿಯನ್ನು ಬಿಟ್ಟುಕೊಟ್ಟ. ಇಷ್ಟಾದರೆ ಇದು ಜೈನ ದಾನಶಾಸನ ಎಂದು ಮುಗಿಸಿಬಿಡಬಹುದಿತ್ತು. ಆದರೆ ತಗಡು ಶುರುವಾಗುವುದು ಜಿನಸ್ತುತಿಯಿಂದಲ್ಲ. ಗಂಗರ ತಾಮ್ರಪಟಗಳ ವಾಡಿಕೆಯಂತೆ ಪದ್ಮನಾಭನಿಗೆ, ಅಂದರೆ ವಿಷ್ಣುವಿಗೆ, ಜಯ ಹೇಳಿ ಶುರುವಾಗುತ್ತದೆ. ಮುಂದೆ ವಂಶಾವಳಿ ಬರುತ್ತದೆ. ಅದರಲ್ಲಿ ವಿಷ್ಣುಗೋಪ ನಾರಾಯಣನ ಪಾದಕ್ಕೆ ಶರಣಾದವನು. ಅವನ ಮಗ ಮಾಧವನ ತಲೆ ತ್ರ್ಯಂಬಕನ ಪಾದಕಮಲದ ಪರಾಗದಿಂದ ಪವಿತ್ರವಾದದ್ದು. ಒಂದೇ ಮನೆತನ, ಒಂದೇ ತಗಡು. ಅಜ್ಜನೊಬ್ಬ ವೈಷ್ಣವ, ಅವನ ಮಗ ಶೈವ, ದಾನ ಜಿನನಿಗೆ. ಮಣ್ಣೆಯ 797ರ ಶಾಸನದಲ್ಲಿ ಬರುವ ರಾಜಪುತ್ರ ಮಾರಸಿಂಹನ ಬಿರುದು ‘ಲೋಕತ್ರಿನೇತ್ರ’. ಮುಕ್ಕಣ್ಣನ ಹೆಸರು ಹೊತ್ತವನು ಬಸದಿಗೆ ಊರು ಕೊಡುತ್ತಿದ್ದಾನೆ.

ಇದನ್ನು ಕಂಡ ಕೂಡಲೇ ಬಾಯಿಗೆ ಬರುವ ಮಾತು ‘ಪರಧರ್ಮ ಸಹಿಷ್ಣುತೆ’. ಈ ಮಾತು ನನಗೆ ಒಪ್ಪಿಗೆಯಿಲ್ಲ. ಸಹಿಸುವುದಕ್ಕೆ ಮೊದಲು ತನ್ನದು, ಪರರದು ಎಂಬ ಗಡಿ ಗೊತ್ತಿರಬೇಕು. ತಗಡಿನಲ್ಲಿ ಅರಸ ಪರರದನ್ನು ಸಹಿಸಿಕೊಂಡ ಸುಳಿವೇ ಇಲ್ಲ. ಅಲ್ಲಿರುವುದು ಸಂಬಂಧಗಳು: ಹಿರಿಯರಿಂದ ಬಂದ ದೇವರು, ಸಾಮಂತನ ಹೆಂಡತಿ ಕಟ್ಟಿಸಿದ ಬಸದಿ, ಅಲ್ಲಿನ ಆಚಾರ್ಯ ಪರಂಪರೆ, ದಾನವಾದ ಊರಿನ ಎಲ್ಲೆ. ಮಣ್ಣೆಯ ಶಾಸನಗಳು ಕೊಂಡಕುಂದಾನ್ವಯದ ತೋರಣಾಚಾರ್ಯ, ಅವನ ಶಿಷ್ಯ ಪುಷ್ಪನಂದಿ, ಅವನ ಶಿಷ್ಯ ಪ್ರಭಾಚಂದ್ರ ಎಂದು ಗುರುಪರಂಪರೆಯನ್ನು ಎಚ್ಚರದಿಂದ ಹೇಳುತ್ತವೆ. ಯತಿಗಳ ಗುರುತು ಖಚಿತ, ಅದರಲ್ಲಿ ಗೊಂದಲವಿಲ್ಲ. ದಾನ ಕೊಟ್ಟ ಅರಸನ ಗುರುತನ್ನು ಮಾತ್ರ ಅಷ್ಟೇ ಖಚಿತವಾಗಿ ಹೇಳುವ ಅಗತ್ಯ ಆ ಕಾಲದ ಶಾಸನಕಾರನಿಗೆ ಬೀಳಲಿಲ್ಲ. ಆ ಅಗತ್ಯ ಹುಟ್ಟಿದ್ದು ಆಮೇಲೆ. ಗಂಗರನ್ನು ಮೂಲದಿಂದಲೇ ಜೈನರನ್ನಾಗಿ ಮಾಡಿದವರು ಅವರ ವಂಶದ ಹೆಸರು ಹೇಳಿಕೊಂಡ ಮುಂದಿನ ತಲೆಮಾರುಗಳು, ಅವರ ಜೊತೆಗೆ ನಮ್ಮ ಇತಿಹಾಸಕಾರರು. ಇದು ನನ್ನ ವಾದ.

ಸಿಂಹನಂದಿಯ ಕಥೆಯನ್ನೇ ತೆಗೆದುಕೊಳ್ಳಿ. ದಡಿಗ, ಮಾಧವ ಎಂಬಿಬ್ಬರು ರಾಜಕುಮಾರರು ದಕ್ಷಿಣಕ್ಕೆ ಬಂದು ಪೇರೂರಿನಲ್ಲಿ ಸಿಂಹನಂದಿ ಆಚಾರ್ಯರನ್ನು ಕಾಣುತ್ತಾರೆ; ಮಾಧವ ಕಲ್ಲಿನ ಕಂಬವನ್ನು ಕತ್ತಿಯಿಂದ ಕಡಿಯುತ್ತಾನೆ; ಆಚಾರ್ಯರು ರಾಜ್ಯ ಕಟ್ಟಿಕೊಡುತ್ತಾರೆ. ಜೊತೆಗೆ ಎಚ್ಚರಿಕೆ ಕೊಡುತ್ತಾರೆ: ಜಿನಶಾಸನವನ್ನು ಮೀರಿದರೆ, ಕೊಟ್ಟ ಮಾತಿಗೆ ತಪ್ಪಿದರೆ, ಮದ್ಯ ಮಾಂಸ ಮುಟ್ಟಿದರೆ, ರಣದಿಂದ ಓಡಿದರೆ ನಿಮ್ಮ ಕುಲ ಉಳಿಯದು. ಈ ಕಥೆ ಇಡಿಯಾಗಿ ಸಿಗುವುದು ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದ ಶಾಸನದಲ್ಲಿ. ಅದರ ಕಾಲ 1121. ಗಂಗರ ರಾಜ್ಯ ಹುಟ್ಟಿದ್ದು ಸುಮಾರು ನಾಲ್ಕನೆಯ ಶತಮಾನದ ನಡುವೆ ಎಂದಿಟ್ಟುಕೊಂಡರೆ, ಘಟನೆಗೂ ಕಥೆಗೂ ನಡುವೆ ಏಳುನೂರು ವರ್ಷಕ್ಕೂ ಮಿಕ್ಕ ಅಂತರ. ಹತ್ತನೆಯ ಶತಮಾನದ ಉದಯೇಂದಿರಂ ತಾಮ್ರಪಟದಲ್ಲಿ ಸಿಂಹನಂದಿಯ ಮಹಿಮೆಯಿಂದ ಗಂಗಕುಲ ಏಳಿಗೆಯಾಯಿತೆಂಬ ಚಿಕ್ಕ ಉಲ್ಲೇಖ ಬರುತ್ತದೆ, ನಿಜ. ಆದರೆ ಮೊದಲ ಗಂಗರ ತಾಮ್ರಪಟಗಳ ವಂಶಾವಳಿಯಲ್ಲಿ ಕಂಬ ಕಡಿದ ಕತ್ತಿ ಇದೆ, ಕತ್ತಿ ಕೊಟ್ಟ ಆಚಾರ್ಯರಿಲ್ಲ. ಕಲ್ಲೂರುಗುಡ್ಡದ ಶಾಸನ ಬರೆಸಿದ ಕಾಲಕ್ಕೆ ಗಂಗರ ದೊಡ್ಡ ರಾಜ್ಯ ಮುಗಿದು ನೂರು ವರ್ಷ ದಾಟಿತ್ತು. ಮಲೆನಾಡಿನ ಅಂಚಿನಲ್ಲಿ ಗಂಗರ ಹೆಸರು ಹೊತ್ತ ಚಿಕ್ಕ ಮಾಂಡಲಿಕರು ಉಳಿದಿದ್ದರು. ಅವರು ಜೈನ ಗುರುಗಳ ನಿಷ್ಠ ಶಿಷ್ಯರು. ತಮ್ಮ ಭಕ್ತಿಗೆ ತಮ್ಮ ವಂಶದಷ್ಟೇ ವಯಸ್ಸಾಗಿರಬೇಕೆಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಎರಡನೆಯ ಕಟ್ಟೋಣ ನಡೆದದ್ದು ನಮ್ಮ ಹತ್ತಿರದ ಕಾಲದಲ್ಲಿ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ, ಮಿಷನರಿಯ ಮಗ ರೈಸ್ ಸಾವಿರಾರು ಶಾಸನಗಳನ್ನು ಹುಡುಕಿ, ಓದಿಸಿ, ಅಚ್ಚುಮಾಡಿಸಿದರು. ಕನ್ನಡ ನಾಡು ಆ ಋಣ ತೀರಿಸಲಾರದು. ಆದರೆ ಅವರ ಕಾಲ ಜನಗಣತಿಯ ಕಾಲವೂ ಹೌದು. ಮೈಸೂರಿನಲ್ಲಿ ಮೊದಲ ಕ್ರಮಬದ್ಧ ಗಣತಿ ನಡೆದದ್ದು 1871ರಲ್ಲಿ. ಗಣತಿಯ ಕೋಷ್ಟಕದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಧರ್ಮದ ಕಾಲಂ. ಅದೇ ಕಣ್ಣು ಹಳೆಯ ರಾಜಮನೆತನಗಳ ಮೇಲೂ ಬಿತ್ತು. 1909ರ ತಮ್ಮ ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಗ್ರಂಥದಲ್ಲಿ ರೈಸ್ ಗಂಗರ ಆರಂಭವನ್ನು ಸಿಂಹನಂದಿಯ ಕಥೆಯ ಮೂಲಕವೇ ಹೇಳಿದರು. ಇತ್ತ ಶಾಸನತಜ್ಞ ಜೆ. ಎಫ್. ಫ್ಲೀಟ್ ಗಂಗರ ಎಷ್ಟೋ ತಾಮ್ರಪಟಗಳು ಖೋಟಾ ಎಂದು ಪಟ್ಟಿ ಮಾಡಿ ರೈಸರ ಜೊತೆ ವರ್ಷಗಟ್ಟಲೆ ಜಗಳವಾಡಿದರು. ಆ ಜಗಳ ರಾಜರ ಕಾಲ, ಲಿಪಿ, ತಾರೀಖುಗಳ ಸುತ್ತ ನಡೆಯಿತು; ಅದು ಬಹಳ ಉಪಯುಕ್ತವಾದ ಜಗಳ. ಆದರೆ ‘ಈ ಮನೆತನದ ಧರ್ಮ ಯಾವುದು’ ಎಂಬ ಪ್ರಶ್ನೆ ಸರಿಯಾದ ಪ್ರಶ್ನೆಯೇ ಎಂದು ಇಬ್ಬರಲ್ಲಿ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ. ಬಿ. ಎ. ಸಾಲೆತೊರೆಯವರು 1938ರಲ್ಲಿ ‘ಮೀಡಿಯೀವಲ್ ಜೈನಿಸಂ’ ಬರೆಯುವ ಹೊತ್ತಿಗೆ ಗಂಗರಾಜ್ಯ ಜೈನಗುರುವಿನ ಸೃಷ್ಟಿ ಎಂಬುದು ನಿಂತ ಮಾತಾಗಿತ್ತು. ಧರ್ಮವನ್ನು ಹೊರಗೆ ನಿಂತು ಹೆಸರಿಸಬಹುದಾದ ಒಂದು ಇಡೀ ವಸ್ತುವೆಂದು ಕಾಣುವ ರೂಢಿ ಇತ್ತೀಚಿನದು ಎಂದು ಧರ್ಮಗಳ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ವಾದಿಸಿದ್ದು 1962ರಲ್ಲಿ. ಮಣ್ಣೆಯ ತಗಡುಗಳು ಅವರ ಕೈಗೆ ಸಿಕ್ಕಿದ್ದರೆ ಒಳ್ಳೆಯ ಸಾಕ್ಷಿಯಾಗುತ್ತಿದ್ದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ಪದ್ಮನಾಭನ ಸ್ತುತಿ ಕೇವಲ ಸೂತ್ರವಾಕ್ಯ. ಅರಮನೆಯ ಕರಣಿಕ ಹಳೆಯ ಪಾಠವನ್ನು ನಕಲು ಮಾಡಿದ. ಅದರಿಂದ ಯಾರ ನಂಬಿಕೆಯನ್ನೂ ತಿಳಿಯಲಾಗದು ಎಂಬುದು. ನಕಲು ಎಂಬುದನ್ನು ಒಪ್ಪುತ್ತೇನೆ. ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಬಿದ್ದಿರುತ್ತಾನೆಂಬ ಶಾಪಶ್ಲೋಕವೂ ನಕಲೇ. ಬ್ರಾಹ್ಮಣರ ದಾನಕ್ಕೂ ಬಸದಿಯ ದಾನಕ್ಕೂ ಅದೇ ಮಾತಿನ ಬೆದರಿಕೆ. ಆದರೆ ಈ ನಕಲನ್ನು ಕೈಗೆ ತೆಗೆದುಕೊಂಡವರು ಯಾರು? ಜೈನ ಯತಿಗಳ ಪರಂಪರೆ. ತರ್ಕದಲ್ಲಿ, ವಾದದಲ್ಲಿ ಬೇರೆ ದರ್ಶನಗಳನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸುತ್ತಿದ್ದವರು ಅವರು. ತಮ್ಮ ಬಸದಿಯ ಆಸ್ತಿಪತ್ರದ ನೆತ್ತಿಯ ಮೇಲೆ ವಿಷ್ಣುವಿನ ಹೆಸರಿರುವುದನ್ನು ಅವರು ತೊಡಕೆಂದು ಎಣಿಸಲಿಲ್ಲ, ಪಟವನ್ನು ತಲೆಮಾರುಗಳ ತನಕ ಕಾಪಾಡಿದರು. ಸೂತ್ರವಾಕ್ಯ ಅರಸನ ಮನಸ್ಸಿನ ಆಳವನ್ನು ತೋರಿಸದಿರಬಹುದು. ಆ ಕಾಲದ ಜನಕ್ಕೆ ಯಾವುದು ಯಾವುದರ ಪಕ್ಕ ಕೂರಬಹುದಿತ್ತು ಎಂಬುದನ್ನು ಖಂಡಿತ ತೋರಿಸುತ್ತದೆ.

ಇನ್ನೊಂದು ಕಡೆಯಿಂದ ಬರುವ ವಿವರಣೆ ಇಂದು ಹೆಚ್ಚು ಜನಪ್ರಿಯ: ಇದೆಲ್ಲ ರಾಜಕೀಯ. ಮಣ್ಣೆಯಲ್ಲಿ ಅದಕ್ಕೆ ಪುರಾವೆಯೂ ಇದೆ. ಆ ವರ್ಷಗಳಲ್ಲಿ ಗಂಗವಾಡಿ ರಾಷ್ಟ್ರಕೂಟರ ಕೈಗೆ ಸಿಕ್ಕಿ ನಲುಗುತ್ತಿತ್ತು. ಮಾರಸಿಂಹನ ತಂದೆ ಇಮ್ಮಡಿ ಶಿವಮಾರ ಅವರ ಸೆರೆಯಲ್ಲಿ ಬಿದ್ದವನು. 797ರಲ್ಲಿ ಗಂಗ ರಾಜಪುತ್ರನ ದಾನ. ಐದೇ ವರ್ಷದಲ್ಲಿ, 802ರ ಶಾಸನದಲ್ಲಿ, ರಾಷ್ಟ್ರಕೂಟ ಅರಸ ಮುಮ್ಮಡಿ ಗೋವಿಂದನ ಅಣ್ಣ ರಣಾವಲೋಕ ಕಂಭನ ಹೆಸರು. ಸೋತವನು ಕೊಟ್ಟ ಬಸದಿಗೇ ಗೆದ್ದವನ ಕಡೆಯವರೂ ಕೊಟ್ಟರು. ಹೊಸ ಯಜಮಾನರು ಹಳೆಯ ಊರಿನ ಒಪ್ಪಿಗೆ ಕೊಳ್ಳುತ್ತಿದ್ದರು ಎನ್ನುವುದು ಸುಲಭ, ಬಹುಪಾಲು ಸರಿಯೂ ಹೌದು. ಆದರೆ ಒಪ್ಪಿಗೆ ಕೊಳ್ಳಲು ಕೊಟ್ಟ ಬೆಲೆ ದಾನ, ದಾನದ ಬೆಲೆ ಪುಣ್ಯ. ಪುಣ್ಯದಲ್ಲಿ ಯಾರಿಗೂ ನಂಬಿಕೆಯಿಲ್ಲದ ಊರಿನಲ್ಲಿ ಈ ವ್ಯವಹಾರ ಕುದುರುವುದಿಲ್ಲ. ಲೆಕ್ಕಾಚಾರ ಭಕ್ತಿಯ ಬೆನ್ನ ಮೇಲೆ ಕೂತು ಸಾಗುತ್ತದೆ. ಇಷ್ಟಕ್ಕೂ ಕೊಡುವವನು ತನ್ನನ್ನು ತಾನೇ ಹೊರಗಿಟ್ಟು, ‘ಇವರು ನಂಬುತ್ತಾರೆ, ನಾನು ನಟಿಸುತ್ತೇನೆ’ ಎಂದುಕೊಂಡ ಎನ್ನಲು ನಮ್ಮ ಬಳಿ ಇರುವ ಆಧಾರವೇನು? ಏನೂ ಇಲ್ಲ. ಪ್ರಾಚೀನ ಗ್ರೀಕರ ಬಗ್ಗೆ ಬರೆದ ಫ್ರೆಂಚ್ ಇತಿಹಾಸಕಾರ ಪಾಲ್ ವೆಯ್ನ್, ಒಂದೇ ತಲೆಯಲ್ಲಿ ಹಲವು ಬಗೆಯ ನಂಬಿಕೆಗಳು ಜಗಳವಿಲ್ಲದೆ ಇರಬಲ್ಲವು ಎಂದು ತೋರಿಸಿದರು. ಭಕ್ತಿಯೋ ಸ್ವಾರ್ಥವೋ ಎಂದು ಎರಡೇ ತಟ್ಟೆ ಇಟ್ಟು ತೂಗುವುದು ತೂಗುವವರ ಚಪಲ.

ರಾಜಕೀಯದ ವಿವರಣೆ ಬಿಟ್ಟುಬಿಡುವ ಇನ್ನೊಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ: ಈ ದಾನಗಳಲ್ಲಿ ಮೊದಲು ಕೈ ಎತ್ತಿದವನು ಅರಸನಲ್ಲ. ದೇವರಹಳ್ಳಿಯಲ್ಲಿ ಕಟ್ಟಿಸಿದವಳು ಕುಂದಾಚ್ಚಿ, ಬೇಡಿದವನು ಗಂಡ, ಅರಸ ಕೊಟ್ಟವನು ಮಾತ್ರ. ಮಣ್ಣೆಯಲ್ಲಿ ಕಟ್ಟಿಸಿದವನು ಸೇನಾನಿ. ಕಂಭನದೇ ಇನ್ನೊಂದು ದಾನ, ಬದನಗುಪ್ಪೆಯ ಶಾಸನದ್ದು, ತಲಕಾಡಿನ ಬಸದಿಗೆ. ಅದು ಅವನ ಮಗನ ಬಿನ್ನಹದ ಮೇರೆಗೆ. ನೆರೆಯ ನಂದಿಬೆಟ್ಟದ ತಪ್ಪಲಲ್ಲಿ ಶಿವಾಲಯ ಕಟ್ಟಿಸಿದವಳು ಬಾಣ ವಿದ್ಯಾಧರನ ಹೆಂಡತಿ ರತ್ನಾವಳಿ, ಎಂದು 806ರ ತಾಮ್ರಪಟ ಹೇಳುತ್ತದೆ. ಜಿನನಿರಲಿ ಶಿವನಿರಲಿ, ಆಸೆ ಹುಟ್ಟುವುದು ಕೆಳಗೆ: ಹೆಂಡತಿಯಲ್ಲಿ, ಮಗನಲ್ಲಿ, ಸೇನಾನಿಯಲ್ಲಿ. ಅದು ಬಿನ್ನಹವಾಗಿ ಮೇಲೇರಿ, ಊರಾಗಿ ಕೆಳಗಿಳಿಯುತ್ತದೆ. ಈ ಏಣಿಯ ತುದಿಯಲ್ಲಿ ಕೂತವನ ಮತ ಯಾವುದೆಂದು ಕೇಳಿ, ಅದನ್ನೇ ರಾಜ್ಯದ ಮತವೆಂದು ಬರೆದುಕೊಳ್ಳುವುದು ಹೇಗೆ ಸರಿ?

ಹಾಗಾದರೆ ಗಂಗರಲ್ಲಿ ಜೈನರೇ ಇರಲಿಲ್ಲವೇ? ಇದ್ದರು, ಕಟ್ಟಾ ಜೈನರು. ಮುಂದಿನ ಕಾಲದ ಅರಸ ಇಮ್ಮಡಿ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದು ಶ್ರವಣಬೆಳಗೊಳದ ಕಂಬದ ಮೇಲೆಯೇ ಇದೆ. ಅನ್ನ ಬಿಟ್ಟು ಸತ್ತವನ ನಂಬಿಕೆಯನ್ನು ರಾಜಕೀಯ ಎನ್ನಲು ಗಂಡೆದೆ ಬೇಕು. ಅವನ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಗೆ ಗೊಮ್ಮಟನನ್ನು ನಿಲ್ಲಿಸಿದ. ಆದರೆ ಇವರು ಶ್ರೀಪುರುಷನಿಗಿಂತ ಇನ್ನೂರು ವರ್ಷ ಈಚೆಯವರು. ನಾಲ್ಕನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೆ ಒಂದು ಮನೆತನ ಒಂದೇ ಬಣ್ಣದಲ್ಲಿ ಇರಬೇಕೆಂಬ ನಿಯಮವೇನೂ ಇಲ್ಲ. ಇಮ್ಮಡಿ ಮಾರಸಿಂಹನ ಸಾವಿನ ಬೆಳಕನ್ನು ಹಿಂದಕ್ಕೆ ಹಾಯಿಸಿ ವಿಷ್ಣುಗೋಪನನ್ನು ಕಾಣುವುದೇ ತೊಂದರೆಯ ಮೂಲ.

ಗುಂಪಿನ ಗುರುತು ಗಟ್ಟಿಯಾದ ಮೇಲೆ ಶಾಸನಗಳ ಧಾಟಿ ಹೇಗೆ ಬದಲಾಗುತ್ತದೆಂದು ನೋಡಬೇಕಾದರೆ ನೆಲಮಂಗಲದಿಂದ ಬಹು ದೂರ ಹೋಗಬೇಕಿಲ್ಲ. ಪಕ್ಕದ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನವಿದೆ. ಅದರ ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿ. ಅಲ್ಲಿ ಜೈನರು ಒಂದು ಪಕ್ಷ, ಶ್ರೀವೈಷ್ಣವ ಭಕ್ತರು ಇನ್ನೊಂದು ಪಕ್ಷ. ಅನ್ಯಾಯವಾಯಿತೆಂದು ದೂರು, ಅರಸನ ತೀರ್ಪು. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ ಬುಕ್ಕ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಘೋಷಿಸಿದ. ಜೈನರ ಪ್ರತಿ ಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳ ಜೀರ್ಣೋದ್ಧಾರವಾಗಬೇಕು ಎಂದು ಕಟ್ಟುಮಾಡಿದ. ಭೇದವಿಲ್ಲ ಎಂದು ಅರಸ ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಭೇದ ಬೀದಿಗೆ ಬಂದಿದ್ದರಿಂದ. ಮನೆಮನೆ ಎಣಿಸಿ ಹಣ ಎತ್ತಬೇಕಾದರೆ ಯಾವ ಮನೆ ಜೈನರದು ಎಂದು ಮೊದಲು ಗೊತ್ತಾಗಬೇಕು. ಮಾನ್ಯಪುರದ ದಾನಗಳಿಗೆ ಆ ಎಣಿಕೆ ಬೇಕಾಗಿರಲಿಲ್ಲ. ಕುಂದಾಚ್ಚಿಯನ್ನು ಅವಳ ತಾಮ್ರಪಟ ಪಲ್ಲವ ಅರಸನ ಮಗಳ ಮಗಳು, ಮರುವರ್ಮನ ಮಗಳು, ಪರಮಗೂಳನ ಹೆಂಡತಿ, ಲೋಕತಿಲಕವನ್ನು ಕಟ್ಟಿಸಿದವಳು ಎಂದು ಗುರುತಿಸುತ್ತದೆ. ಅವಳು ಯಾರೆಂದು ತಿಳಿಯಲು ಅದಕ್ಕೆ ಅಷ್ಟು ಸಾಕಾಗಿತ್ತು.