ಇಂಜಿನ್ ಕಂಪ್ಯೂಟರಿಗೆ ಒಂದು ಸುಳ್ಳು

ಭತ್ತ ಮಾರಿದ ದುಡ್ಡು ಕೈಗೆ ಬಂತೆಂದರೆ ನಮ್ಮ ಗ್ಯಾರೇಜಿಗೆ ಬರುವ ಪ್ರಶ್ನೆಗಳೇ ಬೇರೆಯಾಗುತ್ತವೆ. ವರ್ಷವೆಲ್ಲ ಬ್ಯಾಟರಿ, ಕ್ಲಚ್ ಪ್ಲೇಟು ಎನ್ನುವವರು ಆಗ, "ಅಣ್ಣಾ, ನಮ್ ಸ್ವಿಫ್ಟಿಗೆ ಚಿಪ್ ಹಾಕಿದ್ರ ಪಿಕಪ್ ಎಷ್ಟ್ ಏರ್ತದ?" ಎಂದು ಶುರು ಮಾಡುತ್ತಾರೆ. ನಮ್ಮ ಸಿದ್ದಾಪುರ ದೊಡ್ಡ ಊರೇನಲ್ಲ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಅತ್ತ ಕಾರಟಗಿ, ಇತ್ತ ಗಂಗಾವತಿಯ ಅಕ್ಕಿ ಗಿರಣಿಗಳು, ಸುತ್ತಲಿನ ಕ್ಯಾಂಪುಗಳು ಇರುವಲ್ಲಿ ಗಾಡಿಗಳಿಗೇನು ಬರ? ಕ್ಯಾಂಪಿನ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಾರೆ, ಚಿಪ್ಪಿನ ಬಾಕ್ಸು ತರಿಸುತ್ತಾರೆ, ಹಾಕಿಕೊಡು ಎಂದು ನನ್ನ ಮುಂದೆ ಇಡುತ್ತಾರೆ. ನಾನು ಆಟೋ ಎಲೆಕ್ಟ್ರಿಷಿಯನ್. ಹಾಕುವುದು ಗೊತ್ತು, ತೆಗೆಯುವುದು ಇನ್ನೂ ಚೆನ್ನಾಗಿ ಗೊತ್ತು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಷ್ಟು ಚಿಮ್ಮಿಸಬೇಕು, ಯಾವ ಕ್ಷಣಕ್ಕೆ ಚಿಮ್ಮಿಸಬೇಕು ಎಂಬುದರಲ್ಲೇ ಎಲ್ಲ ವಿದ್ಯೆ ಇರುವುದು. ಹಿಂದೆ ಆ ಕೆಲಸವನ್ನು ಪಂಪು ಮಾಡುತ್ತಿತ್ತು. 1951ರಲ್ಲಿ ಶುರುವಾದ ಮೈಕೋ ಕಂಪನಿ ಅದನ್ನು ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು, ಮೇಸ್ತ್ರಿಗಳ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಮೈಕೋ ಪಂಪೇ. ಹೆಚ್ಚು ಡೀಸೆಲ್ ಬಿಡದಂತೆ ತಡೆಯುವ ಒಂದು ಸ್ಕ್ರೂ ಆ ಪಂಪಿನಲ್ಲಿರುತ್ತಿತ್ತು. ಯಾರೂ ತಿರುಗಿಸಬಾರದೆಂದು ಅದಕ್ಕೆ ತಂತಿ ಕಟ್ಟಿ ಸೀಸದ ಸೀಲ್ ಒತ್ತಿರುತ್ತಿದ್ದರು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಹತ್ತಿರ ಲಾರಿ ಡ್ರೈವರುಗಳು ಬಂದು, "ಅರ್ಧ ಸುತ್ತು ಕೊಡ್ರಿ ಮೇಸ್ತ್ರಿ, ಘಾಟಿನ್ಯಾಗ ಏರವಲ್ದು" ಎಂದು ಗಂಟು ಬೀಳುತ್ತಿದ್ದರು. ಅರ್ಧ ಸುತ್ತು ಕೊಟ್ಟರೆ ಗಾಡಿ ಏರುತ್ತಿತ್ತು, ಹಿಂದೆ ಬರುವವನ ಮುಖಕ್ಕೆ ಕಪ್ಪು ಹೊಗೆಯೂ ಬಡಿಯುತ್ತಿತ್ತು.

ಈಗ ಆ ಸ್ಕ್ರೂ ಇಲ್ಲ. ಇಟಲಿಯ ಫಿಯಟ್ ಬಳಗ ಬೆಳೆಸಿ, ಜರ್ಮನಿಯ ಬಾಷ್ ತಯಾರಿಕೆಗೆ ತಂದ ಕಾಮನ್ ರೈಲ್ ಪದ್ಧತಿ 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ರಸ್ತೆಗಿಳಿಯಿತು. ಇದರಲ್ಲಿ ಡೀಸೆಲ್ ಚಿಮ್ಮಿಸುವ ಎಲ್ಲ ನಾಜಲ್‌ಗಳಿಗೂ ಒಂದೇ ದಪ್ಪ ಪೈಪು, ಅದೇ ರೈಲು. ಅದರೊಳಗೆ ಡೀಸೆಲ್ ಸದಾ ಒತ್ತಡದಲ್ಲಿ ನಿಂತಿರುತ್ತದೆ. ಕಾರಿನ ಟೈರಿನಲ್ಲಿ ಸುಮಾರು 2 ಬಾರ್ ಗಾಳಿ ಇದ್ದರೆ, ಈ ರೈಲಿನ ಒತ್ತಡ ಇಂಜಿನ್ ಸುಮ್ಮನೆ ಗುರುಗುಟ್ಟುವಾಗಲೇ 250 ಬಾರ್ ಆಸುಪಾಸು, ಆಕ್ಸಿಲೇಟರ್ ಪೂರ್ತಿ ತುಳಿದಾಗ ಸಾವಿರದ ಮೇಲೆ ಎಷ್ಟೋ ನೂರು. ನಾಜಲ್ ಎಷ್ಟು ಹೊತ್ತು ತೆರೆದಿರಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಅದರ ಹೊಟ್ಟೆಯೊಳಗೆ ಕೋಷ್ಟಕಗಳಿವೆ: ಇಷ್ಟು ಆರ್‌ಪಿಎಂ, ಇಷ್ಟು ಗಾಳಿ, ಇಷ್ಟು ಬಿಸಿ, ಹಾಗಾದರೆ ಇಷ್ಟು ಡೀಸೆಲ್. ಈ ಕೋಷ್ಟಕಗಳಿಗೇ ಮ್ಯಾಪ್ ಎನ್ನುವುದು.

ಎಂಬತ್ತು, ತೊಂಬತ್ತರ ದಶಕದ ವಿದೇಶಿ ಕಾರುಗಳಲ್ಲಿ ಈ ಮ್ಯಾಪು ಒಂದು ಬಿಡಿ ಚಿಪ್ಪಿನಲ್ಲಿರುತ್ತಿತ್ತು. ಅದನ್ನು ಕಿತ್ತು ಬೇರೆಯದನ್ನು ಕೂರಿಸುತ್ತಿದ್ದರು. ಈಗ ಇರುವುದು ಎರಡೇ ದಾರಿ. ಒಂದು, ಕಂಪ್ಯೂಟರಿನ ಮ್ಯಾಪನ್ನೇ ಓದಿ, ತಿದ್ದಿ, ಮತ್ತೆ ತುಂಬುವ ರೀಮ್ಯಾಪ್. ಇನ್ನೊಂದು, ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಕೂರುವ ಬಾಕ್ಸು. ಈ ನಡುವಿನ ಬಾಕ್ಸುಗಳೆಲ್ಲ ವಿದೇಶದವೇನಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಬೈಕು ಓಡಿಸುವವರಿಗೆ ಪರಿಚಿತ. ಅದು ಪೆಟ್ರೋಲ್ ಗಾಡಿಯ ಇಂಜೆಕ್ಟರ್, ಇಗ್ನಿಷನ್ ಕಾಯಿಲ್ ವೈರುಗಳ ನಡುವೆ ನಿಂತು ಇಂಧನವನ್ನೂ ಕಿಡಿ ಹಾರುವ ಕ್ಷಣವನ್ನೂ ಬದಲಿಸುತ್ತದೆ. ನಮ್ಮೂರಿಗೆ ಬರುವುದು ಹೆಚ್ಚಾಗಿ ಡೀಸೆಲ್ ಬಾಕ್ಸುಗಳು. ಅವುಗಳ ಯುಕ್ತಿ ಬಹಳ ಸರಳ.

ರೈಲಿನ ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಅದಕ್ಕೆ ಮೂರು ವೈರು: ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಅರ್ತ್, ಮೂರನೆಯದರಲ್ಲಿ ಸುದ್ದಿ ಹೋಗುತ್ತದೆ. ಒತ್ತಡ ಇಲ್ಲದಿದ್ದರೆ ಸುಮಾರು ಅರ್ಧ ವೋಲ್ಟ್, ಪೂರ್ತಿ ಇದ್ದರೆ ನಾಲ್ಕೂವರೆ. ಕಪ್ಲರ್ ಬಿಚ್ಚಿ ನಡುವೆ ಬಾಕ್ಸಿನ ಎರಡು ಕಪ್ಲರ್ ಸೇರಿಸಿದರೆ ಕೆಲಸ ಮುಗಿಯಿತು. ಹತ್ತು ನಿಮಿಷವೂ ಬೇಡ. ಆಮೇಲೆ ಸೆನ್ಸರ್ ಹೇಳಿದ್ದನ್ನು ಬಾಕ್ಸು ಸ್ವಲ್ಪ ಕಡಿಮೆ ಮಾಡಿ ಕಂಪ್ಯೂಟರಿಗೆ ದಾಟಿಸುತ್ತದೆ. ಒತ್ತಡ ಸಾಲದೆಂದು ಕಂಪ್ಯೂಟರ್ ಏರಿಸುತ್ತದೆ. ನಾಜಲ್ ತೆರೆಯುವ ಹೊತ್ತು ಅಷ್ಟೇ ಇದ್ದರೂ ಒತ್ತಡ ಹೆಚ್ಚಾದ್ದರಿಂದ ಒಳಗೆ ಹೋಗುವ ಡೀಸೆಲ್ ಹೆಚ್ಚಾಗುತ್ತದೆ.

ಒಬ್ಬ ಹುಡುಗ ತಂದ ಬಾಕ್ಸನ್ನು ಹಾಕಿ, ಅದರ ಎರಡೂ ಕಡೆ ಮೀಟರಿನ ವೈರು ಚುಚ್ಚಿ, ಒಳಗೆ ಸೀಟಿನ ತನಕ ಎಳೆದುಕೊಂಡು ಕಾರಟಗಿ ರಸ್ತೆಯಲ್ಲಿ ಅವನನ್ನೇ ಕೂರಿಸಿ ಓಡಿಸಿದೆ. ಮೂರನೇ ಗೇರಿನಲ್ಲಿ ತುಳಿದಾಗ ಸೆನ್ಸರ್ ಕಡೆಯ ಮೀಟರು 3.4 ತೋರಿಸಿತು, ಕಂಪ್ಯೂಟರ್ ಕಡೆಯದು 3.1. ಸ್ಕ್ಯಾನರಿನ ಪರದೆ ಮೇಲೆ ಒತ್ತಡ ಸರಿಯಾಗಿಯೇ ಇತ್ತು, ಯಾಕೆಂದರೆ ಸ್ಕ್ಯಾನರ್ ಕೇಳುವುದು ಕಂಪ್ಯೂಟರನ್ನು, ಕಂಪ್ಯೂಟರ್ ಕೇಳುವುದು ಬಾಕ್ಸನ್ನು. ನಿಜವಾಗಿ ರೈಲಿನೊಳಗೆ ನೂರು ಬಾರ್‌ಗೂ ಮಿಗಿಲಾದ ಹೆಚ್ಚುವರಿ ಒತ್ತಡ. "ಗಾಡಿ ಜಗ್ತದಲ್ಲ ಅಣ್ಣಾ!" ಎಂದ ಹುಡುಗ. ಜಗ್ಗಿತು, ಸುಳ್ಳಲ್ಲ. ಕನ್ನಡಿಯಲ್ಲಿ ನೋಡು ಎಂದೆ. ಹಿಂದಿನ ಬೈಕಿನವ ಹೊಗೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ.

ಡೀಸೆಲ್ ಹೆಚ್ಚಿತು ಸರಿ, ಗಾಳಿ ಎಲ್ಲಿಂದ ಬರಬೇಕು? ಬಾಕ್ಸಿಗೆ ಟರ್ಬೋ ತಲುಪಿಸುವ ಗಾಳಿಯ ಮೇಲೆ ಹಿಡಿತವಿಲ್ಲ. ಗಾಳಿ ಸಾಲದ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ, ಹೊರಬೀಳುವ ಹೊಗೆಯ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮಿಶ್ರಲೋಹ ಅದಕ್ಕೂ ಮೊದಲೇ. ಕೆಳಗಿನಿಂದ ಎಣ್ಣೆ ಚಿಮ್ಮಿ ತಣ್ಣಗಿಡುವುದರಿಂದ ಅದು ಉಳಿದಿದೆ. ಕಂಪನಿಯವರು ಮ್ಯಾಪ್ ಮಾಡುವಾಗ ಲಡಾಖದ ಚಳಿ, ರಾಜಸ್ಥಾನದ ಸೆಖೆ, ಕೆಟ್ಟ ಡೀಸೆಲ್, ತುಂಬಿದ ಏರ್ ಫಿಲ್ಟರ್, ಎಣ್ಣೆ ಬದಲಿಸದ ಮಾಲೀಕ ಎಲ್ಲವನ್ನೂ ಲೆಕ್ಕ ಹಿಡಿದು ಸ್ವಲ್ಪ ಶಕ್ತಿಯನ್ನು ಕೈಯಲ್ಲಿ ಉಳಿಸಿಕೊಂಡಿರುತ್ತಾರೆ. ಬಾಕ್ಸು ಮಾರುವವರು ಇದನ್ನೇ "ಕಂಪನಿ ಬಚ್ಚಿಟ್ಟ ಪವರ್" ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟಿದ ಮಧ್ಯಾಹ್ನ, ಐದಾರು ಜನ, ಡಿಕ್ಕಿಯಲ್ಲಿ ಎರಡು ಅಕ್ಕಿ ಚೀಲ, ಎಸಿ ಹಾಕಿಕೊಂಡು ಬಳ್ಳಾರಿಗೆ ಹೊರಟವನಿಗೆ ಬಚ್ಚಿಟ್ಟಿದ್ದು ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ವಾದ ಹುಟ್ಟುತ್ತದೆ, ವಾದಿಸುವವರು ದಡ್ಡರಲ್ಲ. ಸ್ವಿಫ್ಟ್ ಡೀಸೆಲ್ಲಿನ 1248 ಸಿಸಿ ಇಂಜಿನ್ ಮೂಲತಃ ಫಿಯಟ್‌ನದು. ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋ ಎಲ್ಲಕ್ಕೂ ಅದೇ. ಸ್ವಿಫ್ಟಿನಲ್ಲಿ ಅದು 75 ಕುದುರೆ ಶಕ್ತಿ ಕೊಟ್ಟರೆ ಎರ್ಟಿಗಾದಲ್ಲಿ 90. "ಇಂಜಿನ್ ಒಂದೇ ಅಂದ್ಮ್ಯಾಲ ನಮಗ್ಯಾಕ 15 ಕಡಿಮಿ?" ಒಂದೇ ಅಲ್ಲವಲ್ಲ. ಎರ್ಟಿಗಾದ ಟರ್ಬೋ ಬೇರೆ. ಅದರೊಳಗಿನ ಅಲಗುಗಳು ಓರೆ ಬದಲಿಸುತ್ತ ಕಡಿಮೆ ಆರ್‌ಪಿಎಂನಲ್ಲೂ ಗಾಳಿ ಒದಗಿಸುತ್ತವೆ. ಸ್ವಿಫ್ಟಿನದು ಆ ಅಲಗುಗಳಿಲ್ಲದ ಸಾದಾ ಟರ್ಬೋ. 2000 ಆರ್‌ಪಿಎಂ ಮುಟ್ಟುವ ತನಕ ಗಾಡಿ ಮಂಕು, ಮುಟ್ಟಿದ ಮೇಲೆ ಒಮ್ಮೆಲೇ ಓಟ. ನಮ್ಮವರಿಗೆ ಪಿಕಪ್ ಇಲ್ಲ ಎನಿಸುವುದು ಆ ಮಂಕಿನಲ್ಲಿ. ಟರ್ಬೋ ಎದ್ದೇಳದ ಹೊತ್ತಿನಲ್ಲಿ ಡೀಸೆಲ್ ಸುರಿದು ಫಲವೇನು?

ತಿಳಿದವರು ಮಾಡುವ ರೀಮ್ಯಾಪ್ ಇದಕ್ಕಿಂತ ಮೇಲು ಎಂದು ನಾನು ಒಪ್ಪುತ್ತೇನೆ. ಅವರು ಡೀಸೆಲ್ ಒಂದನ್ನೇ ಏರಿಸುವುದಿಲ್ಲ. ಟರ್ಬೋ ಒತ್ತಡ, ಚಿಮ್ಮಿಸುವ ಕ್ಷಣ, ಹೊಗೆಯ ಮಿತಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸುತ್ತಾರೆ. ಆದರೂ ಕ್ಲಚ್ ಪ್ಲೇಟಿಗೆ ಮ್ಯಾಪು ಗೊತ್ತಿಲ್ಲ. ಎಳೆತ ಹೆಚ್ಚಿದರೆ ಹಳೆಯ ಪ್ಲೇಟು ಜಾರುತ್ತದೆ, ಇಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇನ್ನು ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಪ್ಲಗ್ಗಿನ ವಿಚಾರ. ಒಂದನ್ನು ಬಿಚ್ಚಿ ನೋಡಿದೆ: ಮಿಣುಕುವ ಎರಡು ಮೂರು ಲೈಟು, ಒಂದು ಬಟನ್, ಒಂದು ಚಿಕ್ಕ ಐಸಿ. ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡುವ ಪಿನ್ನುಗಳಿಂದ ಆ ಐಸಿಗೆ ದಾರಿಯೇ ಇರಲಿಲ್ಲ. ಹಾಕಿಕೊಂಡವರು ಮೈಲೇಜು ಏರಿದೆ ಎನ್ನುತ್ತಾರೆ. ದುಡ್ಡು ಕೊಟ್ಟ ಮೇಲೆ ಕಾಲು ಹಗುರಾಗಿ ತುಳಿಯುತ್ತದೆ, ಏರಲೂಬಹುದು.

ಚಿಪ್ ಕೇಳಿಕೊಂಡು ಬರುವ ಗಾಡಿಗಳಿಗೆ ನಾನು ಮೊದಲು ಮಾಡುವುದು ಬಾನೆಟ್ ಎತ್ತುವ ಕೆಲಸ. ಹೆಚ್ಚಿನವು ಇದ್ದ ಶಕ್ತಿಯನ್ನೇ ಕಳೆದುಕೊಂಡಿರುತ್ತವೆ. ಭತ್ತದ ಹೊಟ್ಟಿನ ಧೂಳು ಏರ್ ಫಿಲ್ಟರಿನಲ್ಲಿ ಕಂಬಳಿಯಂತೆ ಕೂತಿರುತ್ತದೆ. ಇಂಟರ್‌ಕೂಲರಿನ ಹೋಸ್ ಪೈಪು ಕ್ಲಿಪ್ಪಿನ ಹತ್ತಿರ ಸೀಳಿರುತ್ತದೆ. ಕೈಯಾಡಿಸಿದರೆ ಎಣ್ಣೆಯ ಜಿಡ್ಡು ಹತ್ತುತ್ತದೆ, ಟರ್ಬೋ ಒತ್ತಿದ ಗಾಳಿ ಅಲ್ಲೇ ಸೋರಿ ಹೋಗಿರುತ್ತದೆ. ಒಂದಿಷ್ಟು ಹೊಗೆಯನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಬಿಚ್ಚಿದರೆ ಒಳಗೆ ಕೆರೆದು ತೆಗೆಯುವಷ್ಟು ಕರಿ. ಪೈಪು ಬದಲಿಸಿ, ವಾಲ್ವ್ ತೊಳೆದು, ಡೀಸೆಲ್ ಫಿಲ್ಟರ್ ಹೊಸದು ಹಾಕಿ ಗಂಗಾವತಿ ತನಕ ಹೋಗಿ ಬರಲು ಹೇಳುತ್ತೇನೆ. ಅಲ್ಲಿಗೆ ಮುಕ್ಕಾಲು ಜನ ಚಿಪ್ಪಿನ ಮಾತು ಬಿಡುತ್ತಾರೆ. ಉಳಿದವರಿಗೆ ಬೇಕಾದ್ದು ಪಿಕಪ್ ಅಲ್ಲ, ಗೆಳೆಯನ ಗಾಡಿಯನ್ನು ಹಿಂದೆ ಹಾಕುವುದು. ಅದಕ್ಕೆ ನನ್ನಲ್ಲಿ ಪಾರ್ಟ್ಸ್ ಇಲ್ಲ.

ಕಾನೂನಿನ ಮಾತೂ ಇದೆ. ಗಾಡಿಯನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿ 182ಎ ಕಲಂ ಸೇರಿಸಿತು: ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಾನೆಟ್ ಎತ್ತಿಸಿ ನೋಡುವ ಪೊಲೀಸರನ್ನು ನಮ್ಮ ರಸ್ತೆಯಲ್ಲಿ ನಾನು ಕಂಡಿಲ್ಲ. ಆದರೆ ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ನೋಡುತ್ತಾನೆ. ಬದಲಾವಣೆ ತಿಳಿಸದೆ ಮುಚ್ಚಿಟ್ಟಿದ್ದರೆ ಕ್ಲೇಮಿಗೆ ಅಡ್ಡಿಯಾಗಬಹುದು, ವಾರಂಟಿಯದೂ ಅದೇ ಕತೆ. ಹೊಗೆಯ ವಿಷಯದಲ್ಲಿ ಕಂಪನಿಗಳೇನು ಸಾಚಾ ಅಲ್ಲ. ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದಾಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಫೋಕ್ಸ್‌ವ್ಯಾಗನ್ನಿನ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಇದ್ದದ್ದು 2015ರಲ್ಲಿ ಬಯಲಾಯಿತು. ಅಲ್ಲಿ ಸರ್ಕಾರಕ್ಕೆ ಸುಳ್ಳು ಹೇಳಿದ್ದು ಕಂಪ್ಯೂಟರ್, ಇಲ್ಲಿ ಕಂಪ್ಯೂಟರಿಗೇ ಸುಳ್ಳು ಹೇಳುವವರು ನಾವು.

2020ರ ಏಪ್ರಿಲ್‌ನಿಂದ ಹೊಗೆಯ ಹೊಸ ನಿಯಮ ಬಿಎಸ್-6 ಬಂತು, ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಹೊಸ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಬಾಕ್ಸು ಹಾಕಿದರೆ ಮಸಿ ಹೆಚ್ಚಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಅಂಥ ಗಾಡಿಗೆ ಬಾಕ್ಸು ಹಾಕಲು ನಾನು ಕೈ ಇಡುವುದಿಲ್ಲ.

ಹೊಸದು ಬರದ ಕಾರಣ ಹಳೆಯ ಡೀಸೆಲ್ ಸ್ವಿಫ್ಟುಗಳಿಗೆ ನಮ್ಮ ಕಡೆ ಇನ್ನೂ ಬೇಡಿಕೆ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋಗುವವರು ರೈಲಿನ ತುದಿಯ ಸೆನ್ಸರಿನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದು ಒಂದು ಗೇಣು ಹಿಂದಕ್ಕೆ ಹೋಗಿ ನೋಡಿ. ಕಂಪನಿಯ ಬಟ್ಟೆ ಟೇಪು ಹೋಗಿ ಹೊಳೆಯುವ ಪ್ಲಾಸ್ಟಿಕ್ ಟೇಪು ಸುತ್ತಿದ್ದರೆ, ಕಪ್ಲರಿನ ಲಾಕು ಮುರಿದಿದ್ದರೆ, ಬ್ಯಾಟರಿ ಪಕ್ಕ ಜಿಪ್ ಟೈ ಕಟ್ಟಿ ಕತ್ತರಿಸಿದ ಗುರುತಿದ್ದರೆ, ಅಲ್ಲೊಂದು ಬಾಕ್ಸು ಇದ್ದು ಹೋಗಿರುವ ಸಾಧ್ಯತೆ ಬಹಳ. ಮಾರುವವರನ್ನು ನೇರ ಕೇಳಿ. ಆಮೇಲೆ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತ ಒಮ್ಮೆ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಸೆಟ್ಟಿನ ದುಡ್ಡು ಮುರಿದುಕೊಂಡೇ ಬೆಲೆ ಮಾತಾಡಿ.