ಪರನಾಡಿನ ಹೊಸ್ತಿಲಲ್ಲಿ

ಸೇವೆ ಮಾಡುವವನು ಕೊಡುವವನು, ಸೇವೆ ಪಡೆಯುವವನು ಕೈಯೊಡ್ಡುವವನು ಎಂಬ ಎಣಿಕೆ ನಮ್ಮ ಜನರ ಮನಸ್ಸಿನಲ್ಲಿ ಬಲವಾಗಿ ಬೇರೂರಿದೆ. ಸೇವೆಗೆಂದು ಹೊರದೇಶದಲ್ಲಿ ಹೋಗಿ ಇಳಿದವನ ಮೊದಲ ದಿನಗಳನ್ನು ಪರಿಶೀಲಿಸಿದರೆ ಈ ಎಣಿಕೆ ತಲೆಕೆಳಗಾಗುತ್ತದೆ. ಕುಡಿಯುವ ನೀರು ಎಲ್ಲಿದೆ, ಪಾದರಕ್ಷೆಗಳನ್ನು ಎಲ್ಲಿ ಬಿಡಬೇಕು, ಹಿರಿಯರನ್ನು ಏನೆಂದು ಕರೆಯಬೇಕು ಎಂಬುದೊಂದೂ ಅವನಿಗೆ ತಿಳಿಯದು. ಕೊಡಲು ಬಂದವನೇ ಎಲ್ಲವನ್ನೂ ಕೇಳಿ ಪಡೆಯಬೇಕಾಗುತ್ತದೆ. ಓದಲು ಬಂದ ಹುಡುಗರನ್ನು ಮಠದ ಪ್ರಸಾದನಿಲಯದಲ್ಲಿ ನಾವು ಬಹುಕಾಲ ಕಂಡಿದ್ದೇವೆ. ನಾಲ್ಕು ಹರದಾರಿ ದೂರದ ಊರಿನಿಂದ ಬಂದವನಿಗೂ ಮೊದಲ ವಾರ ಅನ್ನ ಇಳಿಯುತ್ತಿರಲಿಲ್ಲ. ಸಮುದ್ರ ದಾಟಿದವರ ಪಾಡೇನು! ನಮ್ಮ ಮನೆತನಗಳ ಮಕ್ಕಳಲ್ಲಿಯೂ ಇಂಥ ಕಾರ್ಯಕ್ಕೆ ಹೊರಡುವ ಹಂಬಲವುಳ್ಳವರು ಇರುವುದರಿಂದ, ಹಿಂದೆ ಹೋದವರ ಒಂದೆರಡು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ಪೀಸ್ ಕೋರ್, ಅಂದರೆ ಶಾಂತಿದಳವನ್ನು ಸ್ಥಾಪಿಸಿದರು. ಸುಮಾರು ಎರಡು ವರ್ಷ ಪರದೇಶದಲ್ಲಿದ್ದು, ಅಲ್ಪ ಜೀವನವೆಚ್ಚವನ್ನು ಮಾತ್ರ ಪಡೆದು, ಅಲ್ಲಿಯ ಜನರ ನಡುವೆ ಬಾಳುತ್ತ ದುಡಿಯುವುದು ಅದರ ನಿಯಮ. ಅದೇ ವರ್ಷದ ಆಗಸ್ಟ್ 30ರಂದು ಮೊದಲ ತಂಡದ ಐವತ್ತಕ್ಕೂ ಹೆಚ್ಚು ಶಿಕ್ಷಕರು ಘಾನಾ ದೇಶದ ಅಕ್ರಾ ನಗರದಲ್ಲಿ ವಿಮಾನದಿಂದ ಇಳಿದರು. ಸ್ವಾಗತಕ್ಕೆ ಬಂದ ಅಧಿಕಾರಿಗಳೆದುರು ಅವರು ಸಾಲಾಗಿ ನಿಂತು ಹಾಡಿದುದು ತಮ್ಮ ದೇಶದ ಗೀತೆಯನ್ನಲ್ಲ, ಆ ನಾಡಿನ ತ್ವಿ ಭಾಷೆಯ ದೇಶಗೀತೆಯನ್ನು. ಉಚ್ಚಾರ ತಪ್ಪಿದ್ದರೂ ತಪ್ಪಿದ್ದೀತು. ಆದರೆ ಮನೆಗೆ ಬಂದ ಅತಿಥಿ ನಮ್ಮ ಮಾತನ್ನು ತೊದಲಿದರೆ ನಮಗಾಗುವ ಸಂತೋಷವನ್ನು ಓದುಗರು ಬಲ್ಲರು.

ಎರಡು ತಿಂಗಳೊಳಗೆ ಇದಕ್ಕೆ ವಿಪರೀತವಾದುದೊಂದು ನೈಜೀರಿಯಾದಲ್ಲಿ ನಡೆಯಿತು. ಆ ದೇಶ ಸ್ವತಂತ್ರವಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಇಬಾದಾನಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ತರಬೇತಿಗಿದ್ದ ಒಬ್ಬ ತರುಣಿ ತನ್ನ ಸ್ನೇಹಿತನಿಗೆ ಅಂಚೆಕಾರ್ಡು ಬರೆದಳು. ಇಲ್ಲಿಯ ಜನ ಬೀದಿಯಲ್ಲೇ ಬಾಳುತ್ತಾರೆ, ಬೀದಿಯಲ್ಲೇ ಅಡಿಗೆ ಮಾಡುತ್ತಾರೆ, ಮಾರುತ್ತಾರೆ ಎಂಬ ಅರ್ಥದ ಅಚ್ಚರಿಯ ಮಾತುಗಳು ಅದರಲ್ಲಿದ್ದುವು. ಅಂಚೆ ಸೇರುವ ಮುನ್ನವೇ ಕಾರ್ಡು ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅದರ ಪ್ರತಿಗಳು ಕಾಲೇಜಿನಲ್ಲೆಲ್ಲ ಹರಡಿದುವು. ಪ್ರತಿಭಟನೆಯೆದ್ದಿತು, ಶಾಂತಿದಳವೇ ತೊಲಗಲೆಂಬ ಕೂಗೂ ಎದ್ದಿತು. ತರುಣಿ ಕ್ಷಮೆ ಕೇಳಿ ಸ್ವದೇಶಕ್ಕೆ ಮರಳಿದಳು.

ಅವಳು ದುರುದ್ದೇಶದಿಂದ ಬರೆದಳೆಂದು ನಾವು ಹೇಳಲಾರೆವು. ಕಂಡುದನ್ನೇ ಬರೆದಿದ್ದಾಳು. ಆದರೆ ನಮ್ಮ ಊರುಗಳಲ್ಲಿ ಬೇಸಿಗೆಯ ರಾತ್ರಿ ಅಂಗಳದಲ್ಲಿ ಮಲಗುವುದುಂಟು, ತಾಯಂದಿರು ಬಾಗಿಲ ಮುಂದೆ ಕುಳಿತು ಶಾವಿಗೆ ಹೊಸೆಯುವುದುಂಟು, ಊರ ಪಂಚಾಯಿತಿಯೇ ಕಟ್ಟೆಯ ಮೇಲೆ ನಡೆಯುವುದುಂಟು. ಇದನ್ನು ಒಬ್ಬ ಹೊರಗಿನವನು ಮೊದಲ ವಾರದಲ್ಲೇ ನೋಡಿ, ಇವರಿಗೆ ಮನೆಯೇ ಇಲ್ಲ, ಬೀದಿಯೇ ಗತಿ ಎಂದು ಬರೆದರೆ ನಮಗೆ ಹೇಗಾದೀತು? ಬಡತನ ಯಾವುದು, ಬಾಳುವೆಯ ರೀತಿ ಯಾವುದು ಎಂಬ ವಿವೇಕ ಒಂದು ವಾರದಲ್ಲಿ ಬರತಕ್ಕದ್ದಲ್ಲ. ಆದುದರಿಂದಲೇ ಪರದೇಶಕ್ಕೆ ಹೊರಟ ಮಕ್ಕಳಿಗೆ ನಾವು ಹೇಳುವುದಿಷ್ಟು: ಮೊದಲ ತಿಂಗಳ ಕಾಗದದಲ್ಲಿ ನಿಮ್ಮ ಕ್ಷೇಮಸಮಾಚಾರವನ್ನಷ್ಟೇ ಬರೆಯಿರಿ, ಆ ದೇಶದ ಗುಣದೋಷಗಳ ವಿಮರ್ಶೆಯನ್ನು ಮುಂದಕ್ಕಿಡಿರಿ.

ಇನ್ನು ನಮ್ಮ ದೇಶಕ್ಕೇ ಬಂದವರ ಮಾತು. 1961ರಿಂದ 1976ರವರೆಗೆ ಈ ದಳದ ಸಾವಿರಾರು ಮಂದಿ ಭಾರತದಲ್ಲಿ ದುಡಿದರು. ಕನ್ನಡ ಕಲಿತು ಅಂದಿನ ಮೈಸೂರು ರಾಜ್ಯಕ್ಕೆ ಬಂದವರೂ ಅವರಲ್ಲಿದ್ದರು. ಹೆಚ್ಚಿನವರು ಕಾಲೇಜು ಮುಗಿಸಿದ ಎಳೆಯರು. ಲಿಲಿಯನ್ ಕಾರ್ಟರ್ ಹಾಗಲ್ಲ. ಜಾರ್ಜಿಯಾ ಪ್ರಾಂತದ ಪ್ಲೇನ್ಸ್ ಎಂಬ ಸಣ್ಣ ಊರಿನ ಈ ತಾಯಿ ಹುಟ್ಟಿದ್ದು 1898ರ ಆಗಸ್ಟ್ 15ರಂದು. ದಾದಿಯ ವೃತ್ತಿ ಕಲಿತವರು, 1953ರಲ್ಲಿ ಪತಿಯನ್ನು ಕಳೆದುಕೊಂಡವರು. 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಅರ್ಜಿ ಹಾಕಿ, ಮೂರು ತಿಂಗಳ ತರಬೇತಿ ಮುಗಿಸಿ, ಮುಂಬಯಿಯ ವಿಕ್ರೋಲಿಯಲ್ಲಿರುವ ಗೋದ್ರೆಜ್ ಕಾಲೊನಿಗೆ ಬಂದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಹೊಸ ಭಾಷೆಯ ಅಕ್ಷರಾಭ್ಯಾಸ! ಅರವತ್ತು ದಾಟಿದ ನಮಗೆ ಇದರ ಕಷ್ಟ ಚೆನ್ನಾಗಿ ಗೊತ್ತು.

ಆರಂಭದಲ್ಲಿ ಕುಟುಂಬ ಯೋಜನೆಯ ಕೆಲಸ, ಬಳಿಕ ಕಾಲೊನಿಯ ಚಿಕಿತ್ಸಾಲಯದಲ್ಲಿ ರೋಗಿಗಳ ಶುಶ್ರೂಷೆ. ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಮನೆಯವರಿಂದ ದೂರವಿದ್ದ ಬೇಗುದಿ, ಕಣ್ಣಾರೆ ಕಂಡ ಸಂಕಟ, ನೆರೆಯವರ ಪ್ರೀತಿ ಇವೆಲ್ಲವನ್ನೂ ಅವರು ಮಕ್ಕಳಿಗೆ ಪತ್ರ ಬರೆದು ತಿಳಿಸುತ್ತಿದ್ದರು. ಆ ಪತ್ರಗಳು 1977ರಲ್ಲಿ ಪುಸ್ತಕವಾಗಿ ಹೊರಬಂದುವು. ಇಪ್ಪತ್ತೊಂದು ತಿಂಗಳು ಹೀಗೆ ದುಡಿದು 1968ರಲ್ಲಿ ಅವರು ಊರಿಗೆ ಮರಳಿದರು.

1977ರ ಜನವರಿಯಲ್ಲಿ ಅವರ ಮಗ ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾದರು. ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡಾಗ, ಅಂತ್ಯಕ್ರಿಯೆಗೆ ಆ ದೇಶದ ಪ್ರತಿನಿಧಿಯಾಗಿ ಕಳುಹಲ್ಪಟ್ಟವರು ಈ ತಾಯಿಯೇ. ಆಗ ಅವರಿಗೆ 78 ವರ್ಷ. ದೆಹಲಿಯ ರಾಜಕಾರ್ಯ ಮುಗಿಸಿ ಅವರು ವಿಕ್ರೋಲಿಗೆ ಹೋದರು. ಅಲ್ಲಿ ಹಳೆಯ ನೆರೆಹೊರೆಯವರು ಅವರನ್ನು ಕಾಣಲು ನೆರೆದಿದ್ದರು.